ಸೆನೈದಾ ಅಜ್ಜಿಯ ಎರಡನೆಯ ದನಿ

ಕ್ಯೂಬಾದಲ್ಲಿ, ನಮ್ಮ ಸಾಂತಿಯಾಗೊದಲ್ಲಿ, ಹಾಡಿಗೆ ಇಬ್ಬರು ಬೇಕು: ಒಬ್ಬರದು ಮೊದಲ ದನಿ, ಇನ್ನೊಬ್ಬರದು ಎರಡನೆಯದು. ಪಕ್ಕದ ಮನೆಯ ಸೆನೈದಾ ಅಜ್ಜಿ ಬದುಕಿಡೀ ಗಂಡನ ಜೊತೆ ಎರಡನೆಯ ದನಿ ಹಾಡಿದವಳು. ಅವನು ತೀರಿಹೋದ ಮೇಲೆ ಮರೆವು ಕವಿದು ಮಗಳ ಗುರುತೂ ಉಳಿಯಲಿಲ್ಲ. ಹಾಡಾದರೂ ಅವಳನ್ನು ಮುಟ್ಟೀತೆಂದು ಒಂದು ಮಧ್ಯಾಹ್ನ ಗಿಟಾರ್ ಹಿಡಿದು ನಾನೇ ಮೊದಲ ದನಿ ಎತ್ತಿದೆ.

ಅಜ್ಜಿ ನನ್ನ ಮೊಣಕಾಲಿಗೆ ಬಡಿದಳು. “ಬಾಯ್ಮುಚ್ಚೋ ಕತ್ತೆ! ಅವರು ಹಾಡ್ತಿರೋದು ಕೇಳಿಸ್ತಿಲ್ವಾ?”

ನಾನು ಬಾಯಿ ಮುಚ್ಚಿ ಬರೀ ತಂತಿ ಮೀಟಿದೆ. ಅವಳು ಗಂಡ ಕೂರುತ್ತಿದ್ದ ಖಾಲಿ ಕುರ್ಚಿಯತ್ತ ವಾಲಿಕೊಂಡು ಹಾಡಿದಳು. ಆ ಖಾಲಿ ಕುರ್ಚಿಯ ಬೆತ್ತದ ಹೆಣಿಗೆ ತಾಳಕ್ಕೆ ಸರಿಯಾಗಿ ಕಿರುಗುಡುತ್ತಿತ್ತು.

ಅಡುಗೆಮನೆಯಿಂದ ಮಗಳು ಇದಾಲ್ಮಿಸ್ ಕಣ್ಣೊರೆಸುತ್ತ ಬಂದಳು. “ಎಷ್ಟ್ ಚೆನ್ನಾಗಿ ಹಾಡ್ದೆ ಮಾರಾಯ! ಥೇಟ್ ನಮ್ಮಪ್ಪನ ದನಿ.”

ಅಜ್ಜಿ ತಲೆಯೆತ್ತಿದಳು. “ಇದಾಲ್ಮಿಸ್, ಅಪ್ಪಂಗೂ ಕಾಫಿ ತಾರೇ.”

ಎಷ್ಟೋ ಕಾಲದ ಮೇಲೆ ಮಗಳನ್ನು ಹೆಸರು ಹಿಡಿದು ಕರೆದಿದ್ದಳು. ಹಾಡಿದ್ದು ನಾನಲ್ಲವೆಂದು ಇದಾಲ್ಮಿಸ್‌ಗೆ ಇವತ್ತಿಗೂ ಹೇಳಿಲ್ಲ.