ಪೈಪು ಸುಮ್ಮನಾದ ಮಧ್ಯಾಹ್ನ

“ಬಡಿಯೂತನಕ ಅದು ಪೈಪಿನ್ಯಾಗ ಇರತೈತಿ, ಸಂದೇಶ. ಸುಮ್ಮನಾತಂದ್ರ ಹೊರಗ ಬಂತಂತ ತಿಳಕೋ,” ಎಂದಳು ಮನೆಯೊಡತಿ ಪದ್ಮವ್ವ. ಹಗೆಯಿಂದ ಕುದಿಯುತ್ತಿದ್ದ ಅವಳ ನೆಗೆಣ್ಣಿ, ಮೈದುನನ ಹೆಂಡತಿ, ಮಾಟ ಮಾಡಿಸಿ, ಹಿತ್ತಿಲ ಬಾವಿಗೆ ಏನನ್ನೋ ಎಸೆದಿದ್ದಳಂತೆ. ಅಂದಿನಿಂದ ಆ ಮನೆಯಲ್ಲಿ ತೊಟ್ಟಿಲು ತೂಗಿಲ್ಲವಂತೆ.

ಸಂದೇಶ ಹೊಟ್ಟೆ ಹಿಡಿದು ನಕ್ಕ. ಉಗಾರ ಖುರ್ದದ ಸಕ್ಕರೆ ಕಾರ್ಖಾನೆಗೆ ಹೊಸದಾಗಿ ಬಂದ ಫಿಟ್ಟರ್ ಅವನು. ಬಾಯ್ಲರಿನ ಪೈಪನ್ನೇ ಪಳಗಿಸಿದವನಿಗೆ ಬಾಡಿಗೆ ಮನೆಯ ನಲ್ಲಿ ಯಾವ ಲೆಕ್ಕ! “ಪೈಪಿನ್ಯಾಗ ಗಾಳಿ ತುಂಬೇತ್ರಿ ಆಯಿ. ಗಾಳಿಗ್ಯಾಕ ದೆವ್ವ ಅಂತೀರಿ?”

ನಕ್ಕನೇನೋ ನಿಜ, ಜೀವಕ್ಕೆ ಸಮಾಧಾನವಿರಲಿಲ್ಲ. ಹೆಂಡತಿ ಬ್ರಾಹ್ಮಿಗೆ ಏಳು ತಿಂಗಳು. ಎರಡು ಕೂಸು ಹೊಟ್ಟೆಯಲ್ಲೇ ಹೋದ ಮೇಲೆ ನಿಂತ ಬಸುರದು. ಬಾವಿಯ ಮೋಟರು ಹಾಕಿದರೆ ಗೋಡೆಯೊಳಗೆ ಠಣ್, ಠಣ್. ಬಂದ್ ಮಾಡಿದರೂ ಠಣ್, ಠಣ್. ಪಾಪ, ಆಕೆ ಕಣ್ತುಂಬ ನಿದ್ದೆ ಮಾಡಿ ಎಷ್ಟು ದಿನವಾಗಿತ್ತೋ.

ಭಾನುವಾರ ಮಧ್ಯಾಹ್ನ ನಟ್ಟು ತಿರುಗಿಸುವ ಪಾನಾ ಹಿಡಿದು ಕೂತೇಬಿಟ್ಟ. ಕ್ಲಾಂಪು ಬಿಗಿದ. ವಾಶರ್ ಬದಲಿಸಿದ. ಸದ್ದು ಹಟ ಹಿಡಿದಿತ್ತು. ಗಾಳಿ ಹೋಗಲೆಂದು ನಲ್ಲಿಯನ್ನು ಪೂರ್ತಿ ತಿರುವಿದ. ಕೊಳೆತ ನಾತ ಮೂಗಿಗೆ ಅಡರಿತು. ನಲ್ಲಿಯ ಬಾಯಿಗೆ ಕಟ್ಟಿದ್ದ ಸೋಸುವ ಅರಿವೆಯೊಳಗೆ ಏನೋ ಧೊಪ್ಪೆಂದು ಬಿತ್ತು. ಉದ್ದ ಕೂದಲು ಸುತ್ತಿದ ತಾಮ್ರದ ತಗಡು.

ನೀರಿನೊಳಗಿನ ಸಣ್ಣ ಜೀವಗಳೂ ಸಾಯಬಾರದೆಂದು, ಅರಿವೆಯಲ್ಲಿ ಉಳಿದದ್ದನ್ನು ಅದೇ ಬಾವಿಗೆ ಮರಳಿಸುವುದು ಅವರ ಜೈನ ಮನೆತನದ ರೂಢಿ. ಬ್ರಾಹ್ಮಿ ಒಂದು ದಿನವೂ ತಪ್ಪಿಸಿದವಳಲ್ಲ. ಸಂದೇಶನಿಗೆ ಬಾವಿಯತನಕ ಹೋಗುವಷ್ಟು ತಾಳ್ಮೆ ಎಲ್ಲಿಯದು? ಅರಿವೆಯನ್ನು ಮೋರಿಗೆ ಝಾಡಿಸಿಬಿಟ್ಟ.

ಸದ್ದು ನಿಂತಿತು.

“ನೋಡಿದೇನ!” ಎಂದು ಬೀಗುತ್ತ ಒಳಗೆ ಬಂದ. ಬ್ರಾಹ್ಮಿ ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟು ಬಿಳಚಿಕೊಂಡು ಕೂತಿದ್ದಳು.

“ರೀ… ಕೂಸು ಮಿಸುಕಾಡವಲ್ದು. ಈಗಷ್ಟ ಒದೀತಿತ್ತು.”

ಮುಟ್ಟಿ ನೋಡಿದ. ಹೊಟ್ಟೆ ತಣ್ಣಗಿತ್ತು.

ಸದ್ದು ನಿಂತದ್ದಕ್ಕೆ ಓಡಿಬಂದ ಪದ್ಮವ್ವ, ಅವನ ಕೈಯಲ್ಲಿನ ಖಾಲಿ ಅರಿವೆ ಕಂಡು ಬಾಗಿಲಲ್ಲೇ ಎದೆ ಬಡಿದುಕೊಂಡಳು. “ಮೋರಿಗೆ ಚೆಲ್ಲಿದೇನೋ ಹುಚ್ಚಾ! ತಗಿ ಅದನ್ನ! ಬಾವಿಗೆ ಹಾಕು!”

ಓಡಿದ. ಮೋರಿಯೊಳಗೆ ತೋಳು ತೂರಿಸಿದ. ಕೆಸರು. ಕತ್ತಲು. ಕೂದಲು ಸಿಕ್ಕಿತು. ಎಳೆದ. ಅದೂ ಎಳೆಯಿತು. ಕೆನ್ನೆ ಮೋರಿಯ ಬಾಯಿಗೆ ಹತ್ತಿತು. ಕಿವಿಯ ಬುಡದಲ್ಲೇ ಹೆಣ್ಣುದನಿ.

“ಸದ್ದು ಬ್ಯಾಡೇನು ನಿನಗ?”

ಅಯ್ಯೋ! ಕಿವಿಯೊಳಗೆ ತಣ್ಣಗಿನದೇನೋ ಹರಿಯಿತು. ತಗಡನ್ನು ಕಿತ್ತುಕೊಂಡ. ಎದ್ದ. ಬಿದ್ದ. ಬಾವಿಗೆ ಎಸೆದ.

ಠಣ್. ಠಣ್. ಪೈಪು ಮತ್ತೆ ಬಡಿಯತೊಡಗಿತು. ಒಳಗೆ ಬ್ರಾಹ್ಮಿ ಅಳುತ್ತಲೇ ನಗುತ್ತಿದ್ದಳು. ಅವನ ಕೈಯೆಳೆದು ಹೊಟ್ಟೆಗೆ ಒತ್ತಿಕೊಂಡಳು. ಕೂಸು ಒದೆಯಿತು! ಆಕೆಯ ತುಟಿಗಳು ಏನೋ ಹೇಳುತ್ತಿದ್ದವು. ಅವನಿಗೆ ಒಂದು ಮಾತೂ ಕೇಳಲಿಲ್ಲ.

ಎರಡು ತಿಂಗಳ ಮೇಲೆ ಅಥಣಿಯ ಆಸ್ಪತ್ರೆಯಲ್ಲಿ ನರ್ಸು ಮಗಳನ್ನು ತಂದು ಅವನ ಕೈಗಿಟ್ಟಳು. ಕೂಸು ಕೆಂಪಗಾಗಿ, ಬಾಯಿ ತೆರೆದು ಅಳುತ್ತಿತ್ತು. ವರಾಂಡದಲ್ಲಿದ್ದವರೆಲ್ಲ ಅದರ ಗಂಟಲು ಕೇಳಿ ತಿರುಗಿ ನೋಡಿ ನಕ್ಕರು. ಸಂದೇಶ ಮಗಳ ಬಾಯಿಗೆ ಕಿವಿ ಹಚ್ಚಿದ. ಇನ್ನೊಂದು ಕಿವಿ ಹಚ್ಚಿದ.

ಠಣ್. ಠಣ್. ಅದಷ್ಟೇ ಕೇಳಿಸಿತು.