ಪೂರ್ತಿ ತೆರೆದ ಮುಚ್ಚಳ

"ಮುಚ್ಚಳ ಇಳಿಸಿ."

ಬೊಗ್ನಾ ಅವನಿಗೆ ಹೇಳಿದ ಮೊದಲ ಮಾತು ಅದು. ಹೆಸರು ಕೇಳಲಿಲ್ಲ, ನಗಲಿಲ್ಲ. ದೊಡ್ಡ ಪಿಟೀಲಿನಂಥ ಚೆಲ್ಲೋವನ್ನು ಮಂಡಿಗಳ ನಡುವೆ ಹಿಡಿದು ಕೂತಿದ್ದ ಅವಳ ಕಣ್ಣು ಪಿಯಾನೊದ ಮೇಲೇ ಇತ್ತು. ಹೊಸ ಪಿಯಾನೊ ವಾದಕ ಅದರ ದೊಡ್ಡ ಕಪ್ಪು ಮುಚ್ಚಳವನ್ನು ಉದ್ದ ಕೋಲಿನ ಮೇಲೆ ಪೂರ್ತಿ ಎತ್ತಿ ನಿಲ್ಲಿಸಿದ್ದ.

ಮುಚ್ಚಳ ಎತ್ತಿದಷ್ಟೂ ಪಿಯಾನೊ ಜೋರು; ಇನ್ನೊಬ್ಬರ ಜೊತೆಗೆ ನುಡಿಸಲು ಬಂದವರು ಹಾಗೆ ಮಾಡುವುದಿಲ್ಲ. ಗಿಡ್ಡ ಕೋಲಿನ ಮೇಲೆ ಒಂದು ಗೇಣು ತೆರೆದು, ಪಕ್ಕದಲ್ಲಿ ತಗ್ಗಿ ಬಗ್ಗಿ ನುಡಿಸಿ ಹೋಗುವುದು ಈ ಶಾಲೆಯ ವಾಡಿಕೆ.

"ಇರಲಿ ಬಿಡಿ," ಅಂದ ಅವನು. "ನಾನು ಟಿಮೊನ್."

"ನನ್ನ ಚೆಲ್ಲೋ ಕೇಳಿಸಲ್ಲ."

"ಕೇಳಿಸುತ್ತೆ."

ಅಷ್ಟೇ. ಅವನು ಚೀಲದಿಂದ ಒಂದು ಹಳೆಯ ಕಂಬಳಿಯ ತುಂಡು ತೆಗೆದು, ಬಗ್ಗಿ, ಅವಳ ಚೆಲ್ಲೋದ, ನೆಲಕ್ಕೆ ಊರುವ ಮೊನೆಯ ಕೆಳಗೆ ಹಾಸಿದ. "ಈ ನೆಲ ಜಾರುತ್ತೆ. ನೀವು ವಾದ್ಯಾನ ಹಿಡ್ಕೊಳ್ಳೋದ್ರಲ್ಲೇ ಅರ್ಧ ಶಕ್ತಿ ಕಳೀತೀರಿ."

ಅವಳು ಥ್ಯಾಂಕ್ಸ್ ಹೇಳಲಿಲ್ಲ. ಎದೆ ಮಾತ್ರ ಯಾಕೋ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು... ಕೋಪವೇ ಇರಬೇಕು.

ತೊರುನ್ ನಗರದ ಆ ಸಂಗೀತ ಶಾಲೆಯಲ್ಲಿ ಬೊಗ್ನಾಗೆ ಇದು ಎರಡನೆಯ, ಕೊನೆಯ ಅವಕಾಶ. ಹೋದ ವರ್ಷದ ಅಂತಿಮ ಪರೀಕ್ಷೆಯಲ್ಲಿ ಅವಳು ಒಂದು ಸ್ವರವೂ ತಪ್ಪಿರಲಿಲ್ಲ. ಆದರೂ ಮುಖ್ಯ ಪರೀಕ್ಷಕರು ಕನ್ನಡಕ ತೆಗೆದು ಹೇಳಿದ್ದರು: "ಮನೆ ಬಹಳ ಚೊಕ್ಕಟವಾಗಿದೆ ಮಗು. ಆದರೆ ಒಳಗೆ ಯಾರೂ ಇಲ್ಲ." ಈ ಸಲವೂ ಹೀಗೇ ಆದರೆ ವಾದ್ಯವೃಂದದಲ್ಲಿ ಜಾಗವಿಲ್ಲ. ಅವಳ ಪಾಲಿಗೆ ಸಂಗೀತವೇ ಇಲ್ಲ.

ಅದಕ್ಕೇ ಅವಳು ತಂತಿಯ ಮೇಲೆ ಬಿಲ್ಲನ್ನು ಇನ್ನೂ ಒತ್ತಿ ಎಳೆಯುತ್ತಿದ್ದಳು. ಪ್ರತಿ ಸ್ವರವನ್ನೂ ಕೊನೆಯವರೆಗೆ ಬಿಗಿ ಹಿಡಿಯುತ್ತಿದ್ದಳು.

"ಯಾಕೆ ಬಿಡಲ್ಲ ಅದನ್ನ?" ಅಂತ ಒಂದು ದಿನ ಟಿಮೊನ್ ಕೇಳಿದ.

"ಬಿಟ್ರೆ ನಿಂತು ಹೋಗುತ್ತೆ."

"ನಿಮಗೆ ಆ ಭಾಗ್ಯ ಇದೆ. ಬಿಲ್ಲು ಇರೋವರೆಗೂ ಎಳೀಬಹುದು. ನಮಗೆ ಇಲ್ಲ. ಕೇಳಿ." ಅವನು ಪಿಯಾನೊದ ಒಂದೇ ಒಂದು ಕೀ ಒತ್ತಿದ. ಸ್ವರ ಎದ್ದಿತು, ತೆಳುವಾಯಿತು, ಇನ್ನೂ ತೆಳುವಾಯಿತು. "ಹುಟ್ಟಿದ ಗಳಿಗೆಯಿಂದಲೇ ಹೋಗೋಕೆ ಶುರು ಮಾಡುತ್ತೆ. ನಾವು ಏನೂ ಮಾಡೋಕಾಗಲ್ಲ. ಹೋಗೋದನ್ನ ಕೇಳಿಸ್ಕೊಂಡು, ಎಷ್ಟು ಉಳಿದಿದೆಯೋ ಅದರ ಮೇಲೆ ಮುಂದಿನದನ್ನ ಮೆತ್ತಗೆ ಇಡಬೇಕು. ಪಿಯಾನೊದವರ ಹಾಡು ಅಂದ್ರೆ ಇಷ್ಟೇ."

ಅವತ್ತು ಬೊಗ್ನಾ ಟ್ರಾಮಿನಲ್ಲಿ ಮನೆಗೆ ಹೋಗುವಾಗ ಚರ್ಚಿನ ಗಂಟೆ ಬಾರಿಸಿತು. ಆ ಸದ್ದು ಪೂರ್ತಿ ಕರಗುವವರೆಗೂ ಕಿವಿಗೊಟ್ಟು ಕೂತಳು. ಇಳಿಯಬೇಕಾದ ನಿಲ್ದಾಣ ದಾಟಿಹೋಯಿತು.

ಶಾಲೆಗೆ ಬಂದವರ ಕೋಟುಗಳನ್ನು ಪಡೆದು ಇಡುವ ಕಟ್ಟೆಯಲ್ಲಿ ಕೂರುವ ಯಾದ್ವಿಗಾ, ಎಲ್ಲರ ಬಾಯಲ್ಲೂ 'ಪಾನಿ' ಅಂದರೆ ಅಮ್ಮಾವರು, ಎಲ್ಲವನ್ನೂ ನೋಡುತ್ತಿದ್ದಳು. ಬೊಗ್ನಾಳ ಕೈಗವಸುಗಳನ್ನು ಹೀಟರಿನ ಮೇಲಿಟ್ಟು ಬೆಚ್ಚಗೆ ಮಾಡಿ ಕೊಡುವುದು ಅವಳೇ.

"ಇನ್ನೂ 'ನೀವು', 'ತಾವು'ನೇ ನಡೀತಿದೆಯಾ ನಿಮ್ಮಿಬ್ಬರಲ್ಲಿ?"

"ಮತ್ತೇನು ಅನ್ನಬೇಕು?"

"ಅವನು ಮರ್ಯಾದಸ್ಥ ಹುಡುಗ. ನಮ್ಮಲ್ಲಿ 'ನೀನು' ಅನ್ನೋಕೆ ಹೆಣ್ಣೇ ಮೊದಲು ಬಾಯಿ ಬಿಡಬೇಕು. ನೀನು ಹೀಗೇ ಕೂತ್ರೆ ಅವನು ತಲೆ ನರೆಯೋವರೆಗೂ 'ನೀವು' ಅಂತಾನೇ ಇರ್ತಾನೆ, ನೋಡು."

ಬೊಗ್ನಾ ಕೈಗವಸು ಹಾಕಿಕೊಳ್ಳುವ ನೆಪದಲ್ಲಿ ಮುಖ ತಗ್ಗಿಸಿದಳು.

ಎಲ್ಲ ಕೆಟ್ಟದ್ದು ಪರೀಕ್ಷೆಗೆ ಮುಂಚೆ ಶಾಲೆಯೊಳಗೆ ಅಭ್ಯಾಸಕ್ಕೆಂದು ನಡೆದ ಸಂಗೀತ ಕಚೇರಿಯ ದಿನ. ನುಡಿಸಿ ಮುಗಿಸಿದ ಮೇಲೆ ಜನ ಟಿಮೊನ್‌ನ ಸುತ್ತ ಸೇರಿದರು. "ಎಂಥ ಪಿಯಾನೊ," ಅಂದರು. ಬೊಗ್ನಾಗೆ "ಚೆನ್ನಾಗಿತ್ತು" ಎಂಬ ಒಣ ಮಾತು.

ಅವಳ ಗೆಳತಿ, ಪಿಟೀಲಿನ ಕಿಂಗಾ, ಕಾರಿಡಾರಿನಲ್ಲಿ ಮೊಳಕೈ ತಿವಿದಳು. "ಅಲ್ಲ ಕಣೇ, ಮುಚ್ಚಳ ಅಷ್ಟು ಎತ್ತರಕ್ಕೆ ಎತ್ತಿದಾನಲ್ಲ, ಪರೀಕ್ಷೆ ನಿಂದಾ ಅವಂದಾ? ನಿನ್ನ ಹೆಗಲ ಮೇಲೆ ಹತ್ತಿ ಅವನು ಮಾಲೆ ಹಾಕಿಸ್ಕೊಳ್ತಾನೆ. ನೀನು ಕಂಬಳಿ ತುಂಡು ನೋಡಿ ಕರಗಿ ಕೂತಿದೀಯ."

ಹೌದಲ್ಲ... ಎಷ್ಟು ಸಲ ಕೇಳಿದರೂ ಅವನು ಇಳಿಸಲಿಲ್ಲವಲ್ಲ. ನಾನು ಅವನ ಕಣ್ಣಿಗೆ ಬರೀ ಒಂದು ಮೆಟ್ಟಿಲಾ?

ಒಳಗೆ ಟಿಮೊನ್ ಹತ್ತಿರ ಹೋಗಿ ನಿಂತೇ ಹೇಳಿದಳು. "ನಾಳೆಯಿಂದ ಬರಬೇಡಿ. ಪಿಯಾನೊ ನುಡಿಸೋಕೆ ಪಾನಿ ಹಾಲ್ಷ್ಕಾನ ಕೇಳ್ಕೋತೀನಿ. ಅವರಿಗೆ ತಮ್ಮ ಜಾಗ ಗೊತ್ತು."

ಟಿಮೊನ್‌ನ ಮುಖ ಬಿಳುಚಿತು. ಅವನು ಎರಡೂ ಕೈಯಲ್ಲಿ ಮುಚ್ಚಳವನ್ನು ಸದ್ದಾಗದಂತೆ ಇಳಿಸಿದ.

"ಕಂಬಳಿ ಇಲ್ಲೇ ಇರಲಿ," ಅಂದ. "ನೆಲ ಜಾರುತ್ತೆ."

ಹಾಲ್ಷ್ಕಾ ವಯಸ್ಸಾದ, ಒಳ್ಳೆಯ ಹೆಂಗಸು. ಮುಚ್ಚಳ ಗಿಡ್ಡ ಕೋಲಿನ ಮೇಲೆ ಬಂತು. ಬೊಗ್ನಾ ಬಯಸಿದ್ದೇ ಅದು. ಆದರೆ ಪಿಯಾನೊ ಈಗ ಹತ್ತಿಯ ಮೂಟೆಯೊಳಗಿಂದ ನುಡಿಯುತ್ತಿತ್ತು. ಯಾವ ಸ್ವರ ಎಲ್ಲಿ ಮುಗಿಯಿತು, ತಾನು ಎಲ್ಲಿ ಕಾಲಿಡಬೇಕು... ತಿಳಿಯದು. ಭಯಕ್ಕೆ ಅವಳು ಬಿಲ್ಲು ಒತ್ತಿದಳು. ಹಾಲ್ಷ್ಕಾ ಅದಕ್ಕೆ ತಕ್ಕಂತೆ ಜೋರಾದಳು. ಅವಳು ಇನ್ನೂ ಒತ್ತಿದಳು.

"ಯಾಕಮ್ಮಾ ಕಿರುಚ್ತೀಯ?" ಅಂತ ಹಾಲ್ಷ್ಕಾ ಮೆಲ್ಲಗೆ ಕೇಳಿದಳು. "ನಾನೇನು ಕಿವುಡಿಯಲ್ಲ."

ಪರೀಕ್ಷೆಯ ಹಿಂದಿನ ಮಧ್ಯಾಹ್ನ ಬೊಗ್ನಾಗೆ ಕೂತಲ್ಲಿ ಕೂರಲಾಗಲಿಲ್ಲ. ಯಾದ್ವಿಗಾ ರಾಸ್ಪ್‌ಬೆರಿ ಪಾಕ ಬೆರೆಸಿದ ಚಹಾ ಕೊಟ್ಟಳು. ಅದು ಆರಿಹೋಯಿತು. ಆಗಲೇ ಮೇಲಿನ ಸಭಾಂಗಣದಿಂದ ಪಿಯಾನೊ ಕೇಳಿಸಿತು.

ಅವಳು ಪರೀಕ್ಷೆಗೆ ನುಡಿಸಲಿದ್ದ ಸೊನಾಟಾ ಕೃತಿಯೇ. ಅದರ ನಿಧಾನದ ಭಾಗ. ಆದರೆ ಜೊತೆಗೆ ನುಡಿಸುವವರ ಪಾಲು ಮಾತ್ರ.

ಮೆಟ್ಟಿಲು ಹತ್ತಿ ಬಾಗಿಲ ಸಂದಿಯಲ್ಲಿ ನಿಂತಳು. ಮುಚ್ಚಳ ಪೂರ್ತಿ ತೆರೆದಿತ್ತು. ಆದರೂ ಸದ್ದು ಎಷ್ಟು ಮೆತ್ತಗಿತ್ತೆಂದರೆ, ಪಕ್ಕದಲ್ಲಿ ಮಲಗಿರುವ ಮಗುವನ್ನು ಎಬ್ಬಿಸಬಾರದೆಂದು ನುಡಿಸಿದ ಹಾಗಿತ್ತು. ಸ್ವರಗಳು ಒಂದೊಂದೂ ಬೇರೆ ಬೇರೆಯಾಗಿ, ಸ್ಪಷ್ಟವಾಗಿ ಕೇಳುತ್ತಿದ್ದವು. ಅವುಗಳ ನಡುವೆ ಖಾಲಿ ಜಾಗ... ಅವಳ ಚೆಲ್ಲೋದ ಅಳತೆಯ ಜಾಗ. ಮೂರನೆಯ ಸಾಲಿನ ಮುಂಚೆ ಅವಳು ಯಾವಾಗಲೂ ಉಸಿರೆಳೆದು ಒಂದು ಕ್ಷಣ ತಡವಾಗುತ್ತಾಳೆ. ಅಲ್ಲಿ ಟಿಮೊನ್‌ನ ಕೈ ಕಾಯಿತು.

ಅವಳ ಪಾಲನ್ನು ಅವನು ಸಣ್ಣ ದನಿಯಲ್ಲಿ ಗುನುಗುತ್ತಿದ್ದ. ಶ್ರುತಿಯಂತೂ ದೇವರಿಗೇ ಪ್ರೀತಿ. ಅವಳಿಗೆ ನಗು ಬಂತು, ಜೊತೆಗೆ ಕಣ್ಣೀರೂ ಬಂತು.

"ಬೇಡ ಅಂದ ಮೇಲೂ ಯಾಕೆ ನುಡಿಸ್ತಿದೀರಿ?"

ಅವನು ಬೆಚ್ಚಿ ಎದ್ದು ನಿಂತ. "ನೀವು ಹೇಳಿದ್ದು ನಿಜ ಇರಬಹುದಲ್ಲ. ಜೋರಾಗಿತ್ತೇನೋ ಅಂತ ನೋಡ್ತಿದ್ದೆ."

"ಇಳಿಸಿದ್ರೆ ಮುಗೀತಿತ್ತು."

"ಇಳಿಸಿದ್ರೆ ನಾನು ಹೇಗೆ ಬೇಕಾದ್ರೂ ನುಡಿಸಬಹುದು. ಆ ಹಲಗೆ ನನ್ನ ಬದಲು ಮೆತ್ತಗಿರುತ್ತೆ. ತೆರೆದಿಟ್ರೆ..." ಅವನು ತನ್ನ ಬೆರಳುಗಳನ್ನೇ ನೋಡಿಕೊಂಡ. "ತೆರೆದಿಟ್ರೆ ನಾನೇ ಮೆತ್ತಗಿರಬೇಕು. ನಿಮ್ಮನ್ನ ಕೇಳಿಸ್ಕೊಳ್ದೆ ಗತಿಯಿಲ್ಲ. ನಿಮಗೂ ನಾನು ಎಲ್ಲಿದೀನಿ ಅಂತ ಕೇಳಿಸುತ್ತೆ. ಹೆದರಿಕೆ ಹೋಗುತ್ತೆ ಅಂದ್ಕೊಂಡೆ."

"ಇದನ್ನ ಮೊದಲೇ ಹೇಳೋಕೇನಾಗಿತ್ತು?"

"ಕಿವಿಗೊಟ್ಟು ಕೇಳಿದ್ರೆ ನಿಮಗೇ ಗೊತ್ತಾಗುತ್ತೆ ಅಂದ್ಕೊಂಡಿದ್ದೆ. ಮಾತು ಬರಲ್ಲ ನನಗೆ."

ಬೊಗ್ನಾ ಕೆಳಗೆ ಓಡಿ ಹಾಲ್ಷ್ಕಾಗೆ ಫೋನ್ ಮಾಡಿದಳು. ನಾಳೆ ಟಿಮೊನ್ ಜೊತೆಗೇ ನುಡಿಸುತ್ತೇನೆಂದು ಹೇಗೆ ಹೇಳುವುದೆಂದು ತಡವರಿಸುತ್ತಿದ್ದಾಗಲೇ ಅತ್ತ ಕಡೆಯಿಂದ ನಗು ಬಂತು. "ಸದ್ಯ, ಬುದ್ಧಿ ಬಂತಲ್ಲ. ನನ್ನ ಮಂಡಿಗೂ ವಿಶ್ರಾಂತಿ. ಹೋಗು, ಅಭ್ಯಾಸ ಮಾಡು."

ಮರುದಿನ ಬಾಗಿಲ ಬಳಿ ಯಾದ್ವಿಗಾ ಎರಡೂ ಹೆಬ್ಬೆರಳುಗಳನ್ನು ಮುಷ್ಟಿಯೊಳಗೆ ಬಿಗಿಹಿಡಿದು, ಅವಳಿಗೆ ಶುಭ ಕೋರಿ ನಿಂತಿದ್ದಳು.

ನಿಧಾನದ ಭಾಗ ಬಂತು. ಟಿಮೊನ್ ಒಂದು ಸ್ವರ ಇಟ್ಟ. ಅದು ಹೋಗುವುದನ್ನು ಬೊಗ್ನಾ ಮೊದಲ ಸಲ ಕೊನೆಯವರೆಗೂ ಕೇಳಿದಳು. ಉಳಿದಷ್ಟರ ಮೇಲೆ ತನ್ನದನ್ನು ಇಟ್ಟಳು. ಒತ್ತಲಿಲ್ಲ. ಕೊನೆಯ ಸ್ವರವನ್ನು ಬಿಗಿ ಹಿಡಿಯದೆ, ಬಿಲ್ಲನ್ನು ಎತ್ತಿ, ಹೋಗಲು ಬಿಟ್ಟಳು.

ಅದು ನಿಂತು ಹೋಗಲಿಲ್ಲ. ಸಭಾಂಗಣದ ಹಿಂದಿನ ಸಾಲಿನವರೆಗೂ ಹೋಗಿ, ಅಲ್ಲಿ ತಂಗಿತು.

ಮುಖ್ಯ ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. "ಇವತ್ತು ಮನೆಯಲ್ಲಿ ಇದ್ದೀಯ ಮಗು," ಅಂದರು. ಫಲಿತಾಂಶದ ಕಾಗದ ಸಂಜೆ ಬಂದಾಗ ಯಾರೂ ಅದನ್ನು ಓಡಿ ಹೋಗಿ ನೋಡಬೇಕಾಗಿರಲಿಲ್ಲ.

ಜನರೆಲ್ಲ ಹೋದ ಮೇಲೆ ಟಿಮೊನ್ ಪಿಯಾನೊದ ಹತ್ತಿರ ಬಂದ. ಉದ್ದ ಕೋಲಿಗೆ ಕೈ ಹಾಕಿದ.

"ಇರಲಿ ಬಿಡು," ಅಂದಳು ಬೊಗ್ನಾ.

ಅವನ ಕೈ ಅಲ್ಲೇ ನಿಂತಿತು. ತಿರುಗಲಿಲ್ಲ. ಕಿವಿ ಮಾತ್ರ ನಿಧಾನವಾಗಿ ಕೆಂಪಾಯಿತು.

"ಏನಂದ್ರಿ?"

"ಕಿವಿ ಅಷ್ಟು ಚುರುಕು ಅಂತಾರೆ... ಕೇಳಿಸ್ಲಿಲ್ವಾ ನಿನಗೆ?"

"ಕೇಳಿಸ್ತು." ಅವನು ಕೋಲಿನಿಂದ ಕೈ ತೆಗೆದ. "ಪೂರ್ತಿ ಕರಗಿ ಮುಗೀಲಿ ಅಂತ ಕಾಯ್ತಿದ್ದೆ."

"ಮುಗೀತಾ?"

"ಇಲ್ಲ," ಅಂದ ಅವನು, ಅವಳತ್ತ ತಿರುಗಿ. "ಇನ್ನೊಂದ್ಸಲ ಹೇಳ್ತೀಯಾ?"