ಮರೆಮ್ಮ ಬಿಟ್ಟುಹೋದ ಖೋಲಿ

"ಆಕಿಗೆ ಖೋಲಿ ಬಿಡು ಅಂತ ಹೇಳಬ್ಯಾಡ್ರಿ ಪ್ರಲ್ಹಾದರಾವ್. ಅವರವ್ವ ಮಾಟ ಮಾಡಾಕಿ ಇದ್ಳಂತ," ಪಕ್ಕದ ಮನೆಯ ರಂಗೂಬಾಯಿ ದನಿ ತಗ್ಗಿಸಿ ಹೇಳಿದಳು.

ಪ್ರಲ್ಹಾದ ನಕ್ಕುಬಿಟ್ಟ. ನಿಗಡಿ ಊರಿನ ಈ ಮನೆಯನ್ನು ಆತ ಕೊಂಡದ್ದು ಆಗಷ್ಟೇ. ಹಿತ್ತಲಲ್ಲಿದ್ದ ಒಂದೇ ಕೋಣೆಯ ಖೋಲಿಯಲ್ಲಿ ಬಾಡಿಗೆಗಿದ್ದ ಮರೆಮ್ಮ ಯಾದಗಿರಿ ಕಡೆಯ ಗಾರೆ ಕೆಲಸದವಳು. ಅವನಿಗೆ ಆ ಜಾಗ ಬಟ್ಟೆಯ ಗೋದಾಮಿಗೆ ಬೇಕಿತ್ತು.

"ಮಾಟಕ್ಕ ಹೆದರಿ ವ್ಯಾಪಾರ ಬಿಡ್ಲೇನ್ರಿ ಬಾಯಿ?" ಎಂದವನೇ ನೋಟೀಸು ಹಿಡಿದು ಹಿತ್ತಲಿಗೆ ನಡೆದ.

ಮರೆಮ್ಮ ಕಾಗದ ಮುಟ್ಟಲಿಲ್ಲ. ಒಳಗೆ ಚಾಪೆಯ ಮೇಲೆ ದಿನ ತುಂಬಿದ ಮಗಳು ಆರತಿ ಮಲಗಿದ್ದಳು.

"ಬಾಣಂತನ ಮುಗೀಲಿ ಸಾವ್ಕಾರ. ಆಮ್ಯಾಲ ನಾವಾಗೇ ಖೋಲಿ ಬಿಟ್ಟು ಹೊಕ್ಕೀವಿ."

"ಅದನ್ನ ಕಟ್ಕೊಂಡು ನನಗೇನಾಗಬೇಕಾಗೇದ? ಐತ್ವಾರ ಖಾಲಿ ಆಗ್ಬೇಕು."

ಭಾನುವಾರ ಜಡಿಮಳೆ. ಅವನೇ ನಿಂತು ಬೀಗ ಹಾಕಿಸಿದ. ಆ ರಾತ್ರಿ ಕಟ್ಟುತ್ತಿದ್ದ ಕಟ್ಟಡವೊಂದರ ತಗಡಿನ ಶೆಡ್ಡಿನಲ್ಲಿ, ನೆನೆದ ಸಿಮೆಂಟು ಚೀಲಗಳ ನಡುವೆ ಆರತಿ ಹೆತ್ತಳು. ಕೂಸು ಉಳಿಯಲಿಲ್ಲ.

ಮರುವಾರ ಖೋಲಿಯ ಬಾಗಿಲು ತೆರೆದಾಗ ಸುಟ್ಟ ಕೂದಲಿನ ಕಮಟು ವಾಸನೆ ಮೂಗಿಗೆ ಬಡಿಯಿತು. ಹೊಸ್ತಿಲ ಬುಡದ ಮಣ್ಣು ಯಾರೋ ಅಗೆದು ಮುಚ್ಚಿದಂತಿತ್ತು. ನೆಲದಡಿ ಉಗುರಿನಿಂದ ಕೆರೆಯುವ ಸದ್ದು. ಹೆಗ್ಗಣವೆಂದುಕೊಂಡ.

ಅಂದಿನಿಂದ ಹೆಂಡತಿ, ಇಂದೂ, ಅವನನ್ನು ಅಪರಿಚಿತನಂತೆ ನೋಡತೊಡಗಿದಳು. ಒಂದು ಮಧ್ಯಾಹ್ನ ಅನ್ನ ಬಡಿಸಹೋದವಳು ಕೈ ತಡೆದು ಕೇಳಿದಳು: "ನೀವು ಯಾವಾಗ ಖಾಲಿ ಮಾಡ್ತೀರಿ?" ಅವಳ ಉಸಿರಿನಲ್ಲೂ ಅದೇ ಕಮಟು.

ರಂಗೂಬಾಯಿಯ ಮಾತು ನೆನಪಾಗಿ ಪ್ರಲ್ಹಾದ ಶೆಡ್ಡಿಗೆ ಓಡಿದ. ಇಟ್ಟಿಗೆ ಹೊತ್ತು ಬರುತ್ತಿದ್ದ ಮರೆಮ್ಮನ ಕಾಲಿಗೆ ಕೆಸರಿನಲ್ಲೇ ಬಿದ್ದ.

"ತಪ್ಪಾತವ್ವಾ. ಖೋಲಿ ನಿಂದ. ಬೇಕಾದ್ರ ಮನೀನೂ ನಿಂದ. ಕಟ್ಟಿದ ಮಾಟ ಬಿಚ್ಚಿಬಿಡು."

ಮರೆಮ್ಮ ತಲೆಯ ಮೇಲಿನ ಬುಟ್ಟಿ ಇಳಿಸಲಿಲ್ಲ. ಮುಖದಲ್ಲಿ ಸಿಟ್ಟೂ ಇರಲಿಲ್ಲ.

"ನಮ್ಮವ್ವ ಕಟ್ಟೂದಷ್ಟ ಕಲಿಸಿದ್ಳ್ರಿ. ಬಿಚ್ಚೂದು ಕಲಿಸೂ ಮೊದಲ ಸತ್ಳು."

ಅವನು ಮನೆ ಮುಟ್ಟುವಾಗ ಕತ್ತಲಾಗುತ್ತಿತ್ತು. ಬಾಗಿಲು ಬಡಿದ. ಮತ್ತೆ ಬಡಿದ. ಬಾಗಿಲು ಗೇಣಷ್ಟು ತೆರೆಯಿತು. ಇಂದೂ. ಹಣೆ ಬೋಳು. ಕೈ ಬೋಳು.

"ಯಾರು ಬೇಕಾಗಿತ್ರಿ?"

"ಇಂದೂ, ನಾನಽ. ನಿನ್ನ ಗಂಡ."

"ನಮ್ಮ ಯಜಮಾನ್ರು ತೀರಿಕೊಂಡು ಭಾಳ ದಿನಾ ಆತ್ರಿ."

ಅವಳ ಹೆಗಲ ಆಚೆ, ಗೋಡೆಯ ಮೇಲೆ, ಅವನದೇ ಫೋಟೋ. ಅದಕ್ಕೆ ಹಾಕಿದ ಹಾರ ಬಾಡಿತ್ತು.

ಬಾಗಿಲು ಮುಚ್ಚಿ, ಒಳಗಿನಿಂದ ಅಗುಳಿ ಬಿತ್ತು.